ಸೊಟ್ಟ ಕಿವಿಯ ಚಿತ್ರ

ಬಹಳ ಕಾಲದ ಹಿಂದೆ, ಬಿಳಿ ಕಲ್ಲಿನ ಬೆಟ್ಟಗಳ ನಡುವೆ ಬಳಪಗಿರಿ ಎಂಬ ರಾಜ್ಯವಿತ್ತು. ಆ ಬೆಟ್ಟಗಳ ಕಲ್ಲು ಎಷ್ಟು ಮೆದುವೆಂದರೆ ಉಗುರಿನಿಂದ ಗೀಚಿದರೂ ಪುಡಿ ಉದುರುತ್ತಿತ್ತು. ಜನರು ಆ ಪುಡಿಗೆ ಬಣ್ಣ ಬೆರೆಸಿ, ಅಂಟು ಹಾಕಿ, ಬೆರಳುದ್ದದ ಬಣ್ಣದ ಬಳಪಗಳನ್ನು ಮಾಡುತ್ತಿದ್ದರು. ಅವುಗಳಿಂದ ಚಿತ್ರ ಬರೆಯುತ್ತಿದ್ದರು. ಬಳಪದ ಚಿತ್ರವೆಂದರೆ ನಿಜವಾಗಿ ಧೂಳಿನ ಚಿತ್ರವೇ. ಕಾಗದ ತರಿತರಿಯಾಗಿರಬೇಕು, ಆ ತರಿಗಳ ನಡುವೆ ಧೂಳು ಕೂರಬೇಕು. ಕಾಗದ ನುಣುಪಾಗಿದ್ದರೆ ಧೂಳು ಜಾರಿ ಬೀಳುತ್ತದೆ.

ಆ ರಾಜ್ಯದಲ್ಲಿ ಒಂದು ಪದ್ಧತಿ ಇತ್ತು. ಮಗುವಿಗೆ ಐದು ತುಂಬಿದಾಗ ಅದರ ಚಿತ್ರ ಬರೆಯಲು ಶುರುಮಾಡುತ್ತಿದ್ದರು. ಮಗು ಬೆಳೆದಂತೆ ಮುಖ ಬದಲಾಗುತ್ತದಲ್ಲ, ಹಾಗಾಗಿ ಎರಡು ವರ್ಷ ಚಿತ್ರವನ್ನೂ ತಿದ್ದುತ್ತಾ ಹೋಗುತ್ತಿದ್ದರು. ಏಳು ತುಂಬಿದ ಯುಗಾದಿಯ ದಿನ ಚಿತ್ರದ ಮೇಲೆ ಅಂಟುನೀರು ಚಿಮುಕಿಸುತ್ತಿದ್ದರು. ಅಂಟುನೀರು ಬಿದ್ದ ಮೇಲೆ ಧೂಳು ಕದಲುವುದಿಲ್ಲ, ಚಿತ್ರವನ್ನು ಯಾರೂ ತಿದ್ದಲಾರರು. ಅಲ್ಲಿಂದ ಮುಂದೆ ಚಿತ್ರ ಹೇಗಿದೆಯೋ ಮಗು ಹಾಗೆ ಬೆಳೆಯುತ್ತಿತ್ತು. ಏಕೆಂದರೆ ಬಳಪಗಿರಿಯಲ್ಲಿ ಮಗು ಮತ್ತು ಮಗುವಿನ ಚಿತ್ರ ಒಂದೇ ಆಗಿದ್ದವು.

ಇನ್ನೊಂದು ಪದ್ಧತಿಯನ್ನೂ ಇಲ್ಲೇ ಹೇಳಬೇಕು, ಅದು ಮುಂದೆ ಬೇಕಾಗುತ್ತದೆ. ಚಿತ್ರಕ್ಕೆ ಕೂತವರು, ಬರೆಯುವವರು ‘ಆಯಿತು’ ಎನ್ನುವ ತನಕ ಏಳುವಂತಿರಲಿಲ್ಲ. ಇದು ಮರ್ಯಾದೆಯ ಮಾತು ಮಾತ್ರವಲ್ಲ. ಏಳಬೇಕೆಂದರೂ ಬಳಪಗಿರಿಯಲ್ಲಿ ಹುಟ್ಟಿದವರ ಕಾಲು ಏಳುತ್ತಿರಲಿಲ್ಲ.

ಆ ರಾಜ್ಯದ ದೊರೆ ಮಲ್ಲಿದೇವ, ರಾಣಿ ಸೋಮಲದೇವಿ. ಅವರಿಗೆ ಇರುಗ ಎಂಬ ಒಬ್ಬನೇ ಮಗ. ಅವನ ಚಿತ್ರ ಬರೆಯುತ್ತಿದ್ದವಳು ಜಕ್ಕಲೆ. ಮೊದಲು ಅವಳ ಅಪ್ಪ ಬೊಮ್ಮಣ್ಣ ಅರಮನೆಯ ಚಿತ್ರಗಾರನಾಗಿದ್ದ. ಅವನ ಕಣ್ಣು ಹೋದ ಮೇಲೆ ಕೆಲಸ ಮಗಳಿಗೆ ಬಂತು. ಇರುಗನ ಚಿತ್ರವೇ ಅವಳ ಮೊದಲ ಅರಮನೆ ಚಿತ್ರ.

ಇರುಗ ಸುಂದರನೇನಲ್ಲ. ಅವನ ಎಡಗಿವಿ ಸೊಟ್ಟ, ಬಾಗಿಲು ಅರ್ಧ ತೆರೆದಂತೆ ಹೊರಗೆ ಚಾಚಿಕೊಂಡಿತ್ತು. ಬಲಹುಬ್ಬಿನ ಮೇಲೆ ಒಂದು ಗಾಯದ ಗುರುತು, ಒರಳುಕಲ್ಲಿನ ಮೇಲೆ ಬಿದ್ದಾಗ ಆದದ್ದು. ಮುಂದಿನ ಎರಡು ಹಲ್ಲುಗಳ ನಡುವೆ ಸಂದು. ಆ ಸಂದಿನಿಂದ ಅವನು ದಿನವಿಡೀ ಸಿಳ್ಳೆ ಹಾಕುತ್ತಿದ್ದ.

“ಜಕ್ಕಕ್ಕ, ಆಯಿತಾ?”

“ಇಲ್ಲ.”

“ನನ್ನ ಕಾಲಲ್ಲಿ ಇರುವೆ ಓಡ್ತಿದೆ.”

“ಇರುವೆ ಇಲ್ಲ, ಜೋಮು ಹಿಡಿದಿದೆ. ಸುಮ್ಮನೆ ಕೂತ್ಕೋ.”

“ಈಗ ಆಯಿತಾ?”

“ಇವತ್ತಿಗೆ ಆಯಿತು, ಹೋಗು ಮಾರಾಯ!” ಎನ್ನುತ್ತಿದ್ದಳು. ಅವನು ಸಿಳ್ಳೆ ಹಾಕಿಕೊಂಡು ಓಡುತ್ತಿದ್ದ.

ಇರುಗನಿಗೆ ಏಳು ತುಂಬಿತು. ಯುಗಾದಿಗೆ ಹನ್ನೆರಡು ದಿನ ಉಳಿದಿತ್ತು. ರಾಣಿ ಬಂದು ಚಿತ್ರ ನೋಡಿ, “ಚೆನ್ನಾಗಿದೆ. ಆದರೆ ಆ ಕಿವಿ ಸ್ವಲ್ಪ...” ಎಂದಳು. ದೊರೆ ಬಂದು, “ಆ ಗಾಯ ಇರಲೇಬೇಕಾ?” ಎಂದ. ಮಂತ್ರಿ ಬಂದು, “ಹಲ್ಲು ನೋಡಿದರೆ ನಮ್ಮ ಯುವರಾಜರು ಕೋಟೆಯ ದಿಡ್ಡಿಬಾಗಿಲು ತೆಗೆದಿಟ್ಟ ಹಾಗೆ ಕಾಣ್ತಾರೆ” ಎಂದ. ಮೂವರೂ ಹೋದ ಮೇಲೆ ಜಕ್ಕಲೆ ಚಿತ್ರವನ್ನು ನೋಡಿದಳು. ಅಷ್ಟು ದಿನ ಸರಿಯಾಗಿ ಕಂಡದ್ದು ಈಗ ತಪ್ಪಾಗಿ ಕಂಡಿತು.

ಅದೇ ಹೊತ್ತಿಗೆ ಬಾಗಿಲಲ್ಲಿ ಒಬ್ಬ ನಿಂತಿದ್ದ. ಅವನ ಹೆಸರು ನಯಕೇತು. ಕಾಗದ ಮಾರುವವನೆಂದು ಹೇಳಿಕೊಂಡ, ಆದರೆ ಅವನು ಮಾಂತ್ರಿಕ. ಅವನ ಮುಖ ಬಹಳ ಚೆಲುವಾಗಿತ್ತು. ಎಷ್ಟೆಂದರೆ, ಒಮ್ಮೆ ಬೇರೆ ಕಡೆ ತಿರುಗಿದರೆ ಆ ಮುಖ ಹೇಗಿತ್ತೆಂದು ನೆನಪಾಗುತ್ತಿರಲಿಲ್ಲ. ಗುರುತು ಹಿಡಿಯಲು ಅದರಲ್ಲಿ ಏನೂ ಇರಲಿಲ್ಲ.

“ಮೂರೇ ಮೂರು ಗೀಟು,” ಎಂದು ಅವನು ಒಂದು ಬಿಳಿ ಬಳಪ ಕೊಟ್ಟ. “ಹಳೆಯ ಬಣ್ಣ ಕುಂಚದಿಂದ ಉದುರಿಸು, ಇದರಿಂದ ತಿದ್ದು. ನನಗೇನೂ ಬೇಡ. ಕೆಳಗೆ ಬೀಳುವ ಕಸ ಕೊಟ್ಟರೆ ಸಾಕು.”

ಬಳಪದ ಚಿತ್ರ ತಿದ್ದುವಾಗ ಉದುರಿದ ಧೂಳನ್ನು ಯಾರೂ ಇಟ್ಟುಕೊಳ್ಳುವುದಿಲ್ಲ, ಗುಡಿಸಿ ಎಸೆಯುತ್ತಾರೆ. ಹಾಗಾಗಿ ಜಕ್ಕಲೆಗೆ ಅನುಮಾನ ಬರಲಿಲ್ಲ. ‘ಮಗು ಎದುರಿಗಿಲ್ಲದಾಗ ಬಳಪ ಮುಟ್ಟಬೇಡ’ ಎಂದು ಅಪ್ಪ ಹೇಳಿದ್ದು ಅವಳಿಗೆ ನೆನಪಿತ್ತು. ಆದರೆ ಇರುಗ ಎದುರಿಗಿದ್ದರೆ ಕಿವಿ ಸೊಟ್ಟಗೇ ಕಾಣುತ್ತದೆ, ನೇರ ಬರೆಯಲು ಕೈ ಬರುವುದಿಲ್ಲ. ಅದಕ್ಕೇ ಅವಳು ಅವನನ್ನು ಕರೆಯಲಿಲ್ಲ.

ಒಂದು ಗೀಟಿಗೆ ಕಿವಿ ನೇರವಾಯಿತು. ಇನ್ನೊಂದು ಗೀಟಿಗೆ ಗಾಯ ಹೋಯಿತು. ಮೂರನೆಯ ಗೀಟಿಗೆ ಹಲ್ಲಿನ ಸಂದು ಮುಚ್ಚಿತು. ನಯಕೇತು ಉದುರಿದ ಧೂಳನ್ನು ಮೂರು ಡಬ್ಬಿಗಳಲ್ಲಿ ತುಂಬಿಕೊಂಡು ಹೊರಟುಹೋದ.

ಊಟದ ಹೊತ್ತಿಗೆ ಇರುಗ ಬಂದು ಮಣೆಯ ಮೇಲೆ ಕೂತ. ಕಿವಿ ನೇರವಿತ್ತು, ಹುಬ್ಬು ನಯವಾಗಿತ್ತು, ಹಲ್ಲು ಸಾಲಾಗಿದ್ದವು. “ಅಯ್ಯೋ, ನನ್ನ ಬಂಗಾರ!” ಎಂದು ರಾಣಿ ಹಿಗ್ಗಿದಳು. ಪಾಯಸ ಬಡಿಸಿದರು. ತಿನ್ನು ಎಂದಾಗ ತಿಂದ. ಸಾಕೇ ಎಂದಾಗ ಸಾಕು ಎಂದ. ರಾಣಿ ಹಿಂದಿನಿಂದ “ಇರುಗಾ!” ಎಂದು ಕೂಗಿದಾಗ ತಿರುಗಲಿಲ್ಲ. ಕಿವಿಯ ಜೊತೆ ಅಮ್ಮನ ದನಿಯ ಗುರುತು ಹೋಗಿತ್ತು. ಗಾಯದ ಜೊತೆ ಭಯ, ಅಳು ಎರಡೂ ಹೋಗಿದ್ದವು. ಉರಿಯುವ ದೀಪಕ್ಕೆ ಕೈ ಹಿಡಿದರೂ ಸುಮ್ಮನಿದ್ದ. ಸಂದಿನ ಜೊತೆ ಸಿಳ್ಳೆಯೂ ನಗುವೂ ಹೋಗಿದ್ದವು.

ಮೂರು ದಿನ ಹೀಗೇ ಕಳೆಯಿತು. ಮೂರನೆಯ ದಿನ ರಾಣಿ ಜಕ್ಕಲೆಯ ಮನೆಗೇ ಬಂದಳು. “ಕೂಗಿದರೆ ತಿರುಗೋದಿಲ್ಲ ಕಣೆ,” ಎಂದಳು. “ಚೆನ್ನಾಗಿರಲಿ ಅಂತ ನಾನೇ ಹೇಳಿದೆ. ಈಗ ಮನೆಯಲ್ಲಿ ಯಾರದೋ ಮಗು ಕೂತ ಹಾಗಿದೆ.”

ಜಕ್ಕಲೆ ತಾನು ಮಾಡಿದ್ದನ್ನೆಲ್ಲ ಹೇಳಿದಳು. ಗೋಡೆಗೆ ಒರಗಿ ಕೂತಿದ್ದ ಬೊಮ್ಮಣ್ಣ ಕೇಳಿಸಿಕೊಂಡ.

“ಧೂಳು ತಂದರೆ ಮಗು ಬರುತ್ತೆ,” ಎಂದ. “ಯುಗಾದಿಯ ಬೆಳಿಗ್ಗೆ ಅಂಟುನೀರು ಬೀಳುತ್ತೆ, ಅದನ್ನು ನಿಲ್ಲಿಸೋಕೆ ದೊರೆಗೂ ಆಗಲ್ಲ. ಅಷ್ಟರಲ್ಲಿ ಆಗದಿದ್ದರೆ ಅವನು ಹೀಗೇ ಬೆಳೀತಾನೆ.”

“ಸೈನ್ಯ ಕಳಿಸ್ತೀನಿ,” ಎಂದಳು ರಾಣಿ.

“ಕುದುರೆ ಓಡಿದರೆ ಗಾಳಿ ಏಳುತ್ತಮ್ಮಾ. ಡಬ್ಬಿ ಬಿಚ್ಚಿಕೊಂಡರೆ ಧೂಳೆಲ್ಲ ಹಾರಿಹೋಗುತ್ತೆ. ಇವಳೇ ನಡೆದುಕೊಂಡು ಹೋಗಲಿ. ಉದುರಿಸಿದವಳು ಇವಳೇ ತಾನೇ?”

ಅವನು ಮಗಳಿಗೆ ಒಂದು ಕಪ್ಪು ಬಳಪ, ಒಂದು ಬೂದು ಬಳಪ, ಮೂರು ಒಣಗಿದ ರೊಟ್ಟಿ ಕೊಟ್ಟ. ರೊಟ್ಟಿ ಹಸಿವಿಗೆ ಮಾತ್ರವಲ್ಲ. ರೊಟ್ಟಿಯ ಚೂರನ್ನು ಅಂಗೈಯಲ್ಲಿ ಹಿಸುಕಿ ಮೆತ್ತಗೆ ಮಾಡಿ ಚಿತ್ರದ ಮೇಲೆ ಒತ್ತಿದರೆ ಅದು ಬಣ್ಣವನ್ನು ಎತ್ತಿಕೊಳ್ಳುತ್ತದೆ. ಬಳಪಗಿರಿಯ ಚಿತ್ರಗಾರರು ಹಾಗೇ ಅಳಿಸುತ್ತಿದ್ದರು.

ನಯಕೇತು ಹೋದ ದಾರಿ ಹಿಡಿದು ಜಕ್ಕಲೆ ಉತ್ತರಕ್ಕೆ ನಡೆದಳು. ದಾರಿಯಲ್ಲಿ ಒಂದು ರೊಟ್ಟಿ ತಿಂದಳು. ಎರಡು ದಿನ ನಡೆದ ಮೇಲೆ ಒಂದು ಹುಲ್ಲುಗಾವಲಿನಲ್ಲಿ ಹುಲಿ ಕೂತಿತ್ತು. ಅದರ ಮೈಮೇಲೆ ಒಂದು ಪಟ್ಟೆಯೂ ಇರಲಿಲ್ಲ. ಸುತ್ತ ಆಡುಗಳು ಮೇಯುತ್ತಿದ್ದವು. ಹುಲಿಯ ಮುಂಗಾಲ ಕೆಳಗೆ ಮೊದಲನೆಯ ಡಬ್ಬಿ ಇತ್ತು.

“ನಿನ್ನ ಪಟ್ಟೆ ಎಲ್ಲಿ?” ಎಂದು ಜಕ್ಕಲೆ ಕೇಳಿದಳು.

“ನಯಕೇತು ಅಳಿಸಿದ. ನಯವಾಗಿ ಕಾಣ್ತೀಯ ಅಂದ. ಈ ಡಬ್ಬಿಯನ್ನ ನೂರು ವರ್ಷ ಕಾದರೆ ಪಟ್ಟೆ ವಾಪಸ್ ಕೊಡ್ತಾನಂತೆ.” ಹುಲಿ ನಿಟ್ಟುಸಿರು ಬಿಟ್ಟಿತು. “ಈ ಆಡುಗಳು ನನ್ನನ್ನು ಹಸು ಅಂದುಕೊಂಡಿವೆ.”

“ಹಿಡಿದು ತಿನ್ನಬಹುದಲ್ಲ?”

“ಹೇಗೆ ತಿನ್ನಲಿ? ಆ ಗಡ್ಡದ ಆಡು ನನ್ನನ್ನು ಅತ್ತೆ ಅನ್ನುತ್ತೆ.”

“ಪಟ್ಟೆ ಬರೆದುಕೊಟ್ಟರೆ ಡಬ್ಬಿ ಕೊಡ್ತೀಯಾ?”

“ನೂರು ವರ್ಷ ಯಾರು ಕಾಯ್ತಾರೆ? ಬರಿ,” ಎಂದಿತು ಹುಲಿ.

ಜಕ್ಕಲೆ ಕಪ್ಪು ಬಳಪ ತೆಗೆದು, ಸಮವಾದ, ಅಂದವಾದ ಪಟ್ಟೆಗಳನ್ನು ಬರೆದಳು. ಹುಲಿ ಕೊಳದ ನೀರಿನಲ್ಲಿ ನೋಡಿಕೊಂಡು ಗುಡುಗಿತು. “ಇದೇನು, ಚಾಪೆಯಾ? ನಾನು ಹುಲಿ!”

ಅವಳಿಗೆ ನಾಚಿಕೆಯಾಯಿತು. ಮತ್ತೆ ತನಗೆ ಬೇಕಾದಂತೆ ಬರೆದಿದ್ದಳು. ಹುಲ್ಲಿನಿಂದ ಒರೆಸಿದಳು. “ಹಾಗಾದರೆ ನೀನೇ ಹೇಳು. ಎಲ್ಲೆಲ್ಲಿ ಇತ್ತು?”

ಹುಲಿ ಕಣ್ಣು ಮುಚ್ಚಿತು. ಪಟ್ಟೆ ಇದ್ದ ಜಾಗದಲ್ಲೆಲ್ಲ ಅದರ ಚರ್ಮ ಸಣ್ಣಗೆ ನಡುಗಿತು. ಕಣ್ಣು ಮರೆತರೂ ಮೈ ಮರೆತಿರಲಿಲ್ಲ. ನಡುಗಿದ ಕಡೆಯೆಲ್ಲ ಜಕ್ಕಲೆ ಬರೆದಳು. ಒಂದು ಪಟ್ಟೆ ದಪ್ಪ, ಒಂದು ಗಿಡ್ಡ, ಒಂದು ಮಧ್ಯದಲ್ಲೇ ಮುರಿದಿತ್ತು. ಕಪ್ಪು ಬಳಪ ಪೂರ್ತಿ ಸವೆಯಿತು. ಹುಲಿ ಎದ್ದು ಮೈ ಕೊಡವಿತು. ಆಡುಗಳು ಒಮ್ಮೆ ನೋಡಿ ದಿಕ್ಕಾಪಾಲಾಗಿ ಓಡಿದವು.

“ಅತ್ತೆ ಅಂದವನು ಯಾವ ಕಡೆ ಹೋದ?” ಎಂದು ಹುಲಿ ಅವುಗಳ ಹಿಂದೆ ಹೋಯಿತು. ಕಿವಿಯ ಕೆಂಪು ಧೂಳಿನ ಡಬ್ಬಿ ಜಕ್ಕಲೆಗೆ ಸಿಕ್ಕಿತು.

ಇನ್ನೊಂದು ದಿನ ನಡೆದ ಮೇಲೆ ಒಂದು ಆನೆ ನಿಂತಿತ್ತು. ಅದರ ಮೈಯಲ್ಲಿ ಒಂದು ಸುಕ್ಕೂ ಇರಲಿಲ್ಲ. ಚರ್ಮ ನಗಾರಿಯಂತೆ ಬಿಗಿದಿತ್ತು. ಸುಕ್ಕಿಲ್ಲದಿದ್ದರೆ ಚರ್ಮ ಮಡಚಿಕೊಳ್ಳುವುದಿಲ್ಲ. ಹಾಗಾಗಿ ಸೊಂಡಿಲು ಬಾಗುತ್ತಿರಲಿಲ್ಲ, ಮಂಡಿಯೂ ಮಡಚುತ್ತಿರಲಿಲ್ಲ. ಜಕ್ಕಲೆ ಡಬ್ಬಿಯ ಬಗ್ಗೆ ಕೇಳಿದಳು.

“ಡಬ್ಬಿ ನನ್ನ ಕಾಲಡಿ ಇದೆ,” ಎಂದಿತು ಆನೆ. “ನನ್ನ ಸುಕ್ಕು ಅಳಿಸಿದ ನಯಕೇತು ಮೊನ್ನೆ ನೆಲ ಕೆದಕಿ ಹೂತಿಟ್ಟು ಹೋದ. ಬೇಕಾದರೆ ತಗೋ. ನನಗೆ ಕಾಲೆತ್ತೋಕಾಗಲ್ಲ.”

“ಊಟಕ್ಕೇನು ಮಾಡ್ತೀಯ?”

“ಗಿಳಿಗಳು ಮರದಿಂದ ಹಣ್ಣು ಬಾಯಿಗೆ ಹಾಕ್ತವೆ. ಅರ್ಧ ತಿಂದು ಹಾಕ್ತವೆ. ನಿನ್ನ ಚೀಲದಲ್ಲಿ ರೊಟ್ಟಿ ವಾಸನೆ ಬರ್ತಿದೆ.”

“ಅದು ಕೊಡೋದಲ್ಲ, ಕೆಲಸಕ್ಕೆ ಬೇಕು.”

“ರೊಟ್ಟಿಗೆ ತಿನ್ನೋದು ಬಿಟ್ಟು ಇನ್ನೇನು ಕೆಲಸ?” ಎಂದಿತು ಆನೆ, ಅರ್ಥವಾಗದೆ.

ಜಕ್ಕಲೆ ಬೂದು ಬಳಪ ತೆಗೆದಳು. ಸುಕ್ಕು ಬರೆಯುವುದು ಸುಲಭವಲ್ಲ. ಸುಮ್ಮನೆ ಗೆರೆ ಎಳೆದರೆ ಅದು ಗೆರೆಯಾಗುತ್ತದೆ, ಸುಕ್ಕಾಗುವುದಿಲ್ಲ. ಅವಳು ತನ್ನ ಮೊಣಕೈಯನ್ನು ಮಡಚಿ, ಬಿಚ್ಚಿ, ನೋಡಿ ನೋಡಿ ಬರೆದಳು. ಬೆಳಿಗ್ಗೆ ಶುರುಮಾಡಿದ್ದು ಸಂಜೆಗೆ ಮುಗಿಯಿತು. ಆನೆ ಮೊದಲು ಸೊಂಡಿಲು ಬಾಗಿಸಿತು. ಆಮೇಲೆ ಕಾಲು ಎತ್ತಿತು. ಆಮೇಲೆ ಮರದ ಗಿಳಿಗಳ ಕಡೆ ನೋಡಿ ಕೊಂಬೆಯನ್ನೇ ಕಿತ್ತು ಬಾಯಿಗಿಟ್ಟುಕೊಂಡಿತು. ಗಾಯದ ಕಂದು ಧೂಳಿನ ಡಬ್ಬಿ ಜಕ್ಕಲೆಗೆ ಸಿಕ್ಕಿತು. ಬಳಪಗಳು ಮುಗಿದಿದ್ದವು. ಎರಡು ರೊಟ್ಟಿ ಉಳಿದಿದ್ದವು.

ಮರುದಿನ ಅವಳು ನಯಕೇತುವಿನ ಮನೆ ಸೇರಿದಳು. ಅದರ ಗೋಡೆಗಳು ಗಾಜಿನಂತೆ ನುಣುಪು, ಒಂದು ನೊಣ ಕೂತರೂ ಜಾರುತ್ತಿತ್ತು. ಒಳಗಿನಿಂದ ಸಿಳ್ಳೆ ಕೇಳಿಸಿತು. ಅದು ಇರುಗನ ಸಿಳ್ಳೆ. ಮೂರನೆಯ ಡಬ್ಬಿ ಖಾಲಿಯಾಗಿ ನೆಲದ ಮೇಲೆ ಬಿದ್ದಿತ್ತು. ನಯಕೇತು ಆ ಧೂಳನ್ನು ತನ್ನ ತುಟಿಗೆ ಬಳಿದುಕೊಂಡಿದ್ದ.

“ನಗು ನನ್ನ ಹತ್ತಿರ ಇರಲಿಲ್ಲ, ಇದೊಂದು ಬಾಕಿ ಇತ್ತು,” ಎಂದ. “ಈಗ ನಾನು ಪೂರ್ತಿಯಾದೆ. ಬಂದಿದ್ದೀಯ, ನಿನಗೂ ಮೂರು ಗೀಟು ಹಾಕಲಾ? ನಿನ್ನ ಮೂಗು...”

“ನನ್ನ ಮೂಗು ಹಾಗೇ ಇರಲಿ,” ಎಂದಳು ಜಕ್ಕಲೆ.

“ನಿನ್ನ ಅಪ್ಪನ ಕಣ್ಣು?”

ಅಪ್ಪನ ಕಣ್ಣು ಅವಳಿಗೆ ಬೇಕಿತ್ತು. ಆದರೆ ಅಮ್ಮನ ದನಿಗೆ ತಿರುಗದ ಇರುಗ ನೆನಪಾದ. ಕಣ್ಣು ಬಂದ ಅಪ್ಪ ತನ್ನನ್ನು ನೋಡಿ ‘ನೀನು ಯಾರಮ್ಮ?’ ಎಂದರೆ ಏನು ಮಾಡುವುದು? ಅವಳು ತಲೆಯೆತ್ತಿ ನಯಕೇತುವನ್ನು, ಚಿತ್ರಕ್ಕೆ ಕೂತವರನ್ನು ನೋಡುವಂತೆ ನೋಡಿದಳು. ಆಗ ಒಂದು ವಿಷಯ ಕಂಡಿತು. ಅವನ ಕೊರಳಪಟ್ಟಿಯ ಮೇಲೆ ಬಣ್ಣದ ಪುಡಿ ಉದುರಿತ್ತು. ಕೆನ್ನೆಯಲ್ಲಿ ಕಾಗದದ ಅಂಚು ಕಾಣುತ್ತಿತ್ತು. ಅಂದರೆ ಅವನು ಅಂಟುನೀರು ಬೀಳುವ ಮೊದಲೇ ಹೊತ್ತೊಯ್ದ ತನ್ನ ಚಿತ್ರವನ್ನೇ ಮುಖಕ್ಕೆ ಅಂಟಿಸಿಕೊಂಡು ದಿನಾ ತಿದ್ದಿಕೊಳ್ಳುತ್ತಿದ್ದ. ಬಳಪದ ಚಿತ್ರದೊಂದಿಗೆ ಬದುಕುವುದು ಬಳಪಗಿರಿಯ ಮಕ್ಕಳು ಮಾತ್ರ. ಹಾಗಾದರೆ ಅವನೂ ಬಳಪಗಿರಿಯವನೇ.

“ಇಷ್ಟು ಚೆಲುವಾದ ಮುಖವನ್ನು ನಾನು ಕಂಡಿಲ್ಲ,” ಎಂದಳು. “ಒಂದು ಚಿತ್ರ ಬರೆಯಲಾ? ಕೂತ್ಕೊಳ್ಳಿ.”

ನಯಕೇತು ಹಿಗ್ಗಿ ಕೂತುಬಿಟ್ಟ. ಅವನು ತನ್ನಲ್ಲಿದ್ದ ಗುರುತುಗಳನ್ನೆಲ್ಲ ಅಳಿಸಿಕೊಂಡಿದ್ದ. ಅವುಗಳ ಜೊತೆ ಹುಟ್ಟಿದ ಊರೂ ಅದರ ಪದ್ಧತಿಯೂ ಅಳಿಸಿಹೋಗಿದ್ದವು. ಆದರೆ ಹುಲಿಯ ಚರ್ಮದಂತೆ ಅವನ ಕಾಲು ಮರೆತಿರಲಿಲ್ಲ.

ಜಕ್ಕಲೆ ಬಳಪ ತೆಗೆಯಲಿಲ್ಲ. ರೊಟ್ಟಿಯನ್ನು ಹಿಸುಕಿದಳು. ನಯಕೇತು ಏಳಲು ನೋಡಿದ. ಕಾಲು ಏಳಲಿಲ್ಲ.

“ಏನಿದು? ಬಿಡು!”

“ಇನ್ನೂ ಆಗಿಲ್ಲ,” ಎಂದಳು ಜಕ್ಕಲೆ.

ಕೊನೆಗೆ ಹಚ್ಚಿದ ಬಣ್ಣ ಮೇಲಿರುತ್ತದೆ, ಹಾಗಾಗಿ ಮೊದಲು ಅದೇ ಬರುತ್ತದೆ. ಅವಳು ಮೊದಲ ಚೂರನ್ನು ಅವನ ತುಟಿಗೆ ಒತ್ತಿದಳು. ಇರುಗನ ನಗುವಿನ ಧೂಳು ರೊಟ್ಟಿಗೆ ಅಂಟಿಕೊಂಡಿತು. ಅದನ್ನು ಕೊಡವಿ ಖಾಲಿ ಡಬ್ಬಿಯಲ್ಲಿ ಮುಚ್ಚಿಟ್ಟಳು. ಆಮೇಲೆ ಉಳಿದ ಚೂರುಗಳಿಂದ ಒತ್ತುತ್ತಾ ಹೋದಳು. ಒಂದು ಮುಖದ ಕೆಳಗೆ ಇನ್ನೊಂದು, ಅದರ ಕೆಳಗೆ ಮತ್ತೊಂದು, ಯಾರ್ಯಾರದೋ ಹುಬ್ಬು, ಯಾರ್ಯಾರದೋ ಕೆನ್ನೆ. ಎಲ್ಲದರ ಕೆಳಗೆ ಏಳು ವರ್ಷದ ಹುಡುಗನ ಚಿತ್ರವಿತ್ತು. ಅಗಲವಾದ ಮೂಗು, ಮೂಗಿನಲ್ಲಿ ಸಿಂಬಳ. ಕಾಗದ ತಾನಾಗಿ ಕಳಚಿ ಬಿತ್ತು. ಹಿಂದೆ ಒಬ್ಬ ಮುದುಕನಿದ್ದ. ಅವನ ಮೂಗೂ ಅಷ್ಟೇ ಅಗಲವಾಗಿತ್ತು.

ಮುದುಕ ಮೂಗು ಮುಟ್ಟಿ ನೋಡಿಕೊಂಡ. “ನನ್ನ ಅಮ್ಮನೂ ಮೂರೇ ಗೀಟು ಅಂದಿದ್ದಳು,” ಎಂದ. ಆಮೇಲೆ ಅತ್ತ. ಎಷ್ಟೋ ವರ್ಷಗಳಿಂದ ಅವನು ಅತ್ತಿರಲಿಲ್ಲ, ಹಾಗಾಗಿ ಬಹಳ ಹೊತ್ತು ಅತ್ತ.

“ಇವತ್ತಿಗೆ ಆಯಿತು, ಏಳಿ,” ಎಂದಳು ಜಕ್ಕಲೆ. “ನಮ್ಮ ಊರಿಗೆ ಹೋಗೋಣ.”

ಮಾಟ ಕಳೆದ ಮೇಲೆ ಮನೆಯ ಗೋಡೆಗಳು ತರಿತರಿಯಾದವು. ದಾರಿಯಲ್ಲಿ ಮತ್ತೆ ಸಿಕ್ಕ ಆನೆ ಇಬ್ಬರನ್ನೂ ಬೆನ್ನ ಮೇಲೆ ಕೂರಿಸಿಕೊಂಡು, ಧೂಳು ಹಾರದಂತೆ ಮೆಲ್ಲಗೆ ನಡೆಯಿತು. ಯುಗಾದಿಯ ಬೆಳಿಗ್ಗೆ ಅವರು ಬಳಪಗಿರಿ ಸೇರಿದರು.

ಅರಮನೆಯಲ್ಲಿ ಅಂಟುನೀರಿನ ಬಟ್ಟಲು ಸಿದ್ಧವಾಗಿತ್ತು. ಮಂಟಪದ ನೆರಳು ಮೊದಲ ಮೆಟ್ಟಿಲಿಗೆ ಬಂದಾಗ ಚಿಮುಕಿಸಬೇಕು. ನೆರಳು ಮೂರನೆಯ ಮೆಟ್ಟಿಲಲ್ಲಿತ್ತು. ಇರುಗ ಕೂತಿದ್ದ, ಕೂರು ಎಂದಿದ್ದರು.

ಜಕ್ಕಲೆ ಕೊನೆಯ ರೊಟ್ಟಿಯಿಂದ ಬಿಳಿ ಬಳಪದ ಗೀಟುಗಳನ್ನು ಎತ್ತಿದಳು. ಕಾಗದದ ತರಿ ಮತ್ತೆ ಕಾಣಿಸಿತು. ಕೆಂಪು ಧೂಳನ್ನು ಬೆರಳಿಗೆ ತೆಗೆದುಕೊಂಡಳು. ಅಲ್ಲಿಗೆ ಕೈ ನಿಂತಿತು. ಅಪ್ಪ ಹೇಳಿದಂತೆ ಮಗುವನ್ನು ನೋಡಿದರೆ ನೇರ ಕಿವಿಯೇ ಕಾಣುತ್ತಿತ್ತು. ನೆನಪಿನಿಂದ ಬರೆದರೆ ಮತ್ತೆ ಚಾಪೆಯಾಗಬಹುದು. ನೆರಳು ಎರಡನೆಯ ಮೆಟ್ಟಿಲಿಗೆ ಬಂತು.

ಆಗ ಅವಳಿಗೆ ಹುಲಿ ನೆನಪಾಯಿತು. ರಾಣಿಯ ಕಡೆ ತಿರುಗಿದಳು. “ಅಮ್ಮಾ, ಎಣ್ಣೆನೀರು ಹಾಕುವಾಗ ಇವನ ಕಿವಿ ತೊಳೆಯೋರು ಯಾರು?”

“ನಾನೇ. ದಾದಿಗೆ ಬಿಟ್ಟರೆ ಅವಳನ್ನು ಒದೀತಾನೆ.”

“ಕಣ್ಣು ಮುಚ್ಚಿಕೊಳ್ಳಿ. ಇದು ಕಾಗದ ಅಂದುಕೊಳ್ಳಬೇಡಿ. ಕಿವಿ ತೊಳೆಯಿರಿ.”

ರಾಣಿ ಕಣ್ಣು ಮುಚ್ಚಿದಳು. ಜಕ್ಕಲೆ ಕೆಂಪು ಧೂಳು ಹಚ್ಚಿಕೊಟ್ಟ ಹೆಬ್ಬೆರಳನ್ನು ಕಾಗದದ ಮೇಲಿಟ್ಟು, ಏಳು ವರ್ಷ ತೊಳೆದ ದಾರಿಯಲ್ಲೇ ಎಳೆದಳು. ಮೇಲೆ, ಹೊರಗೆ, ಹಿಂದಿನ ಸಂದಿಗೆ, ಕೆಳಗೆ. ಕಿವಿ ಸೊಟ್ಟಗೆ ಬಂತು. ಆಮೇಲೆ, ಅವನು ಬಿದ್ದ ದಿನ ಗಾಯಕ್ಕೆ ಅರಿಶಿನ ಒತ್ತಿದ್ದ ಬೆರಳಿನಿಂದಲೇ ಕಂದು ಧೂಳು ತೆಗೆದು ಹುಬ್ಬಿನ ಗಾಯ ಬರೆದಳು. ಗಾಯ ಬರೆಯುವಾಗ ಅವಳು “ಹೂ, ಹೂ” ಎಂದು ಊದಲು ಹೋದಳು.

“ಊದಬೇಡಿ, ಧೂಳು!” ಎಂದು ಎಲ್ಲರೂ ಕೂಗಿದರು.

ಉಳಿದದ್ದು ಹಲ್ಲಿನ ಸಂದು. ಅದನ್ನು ಜಕ್ಕಲೆಯೇ ಬರೆದಳು, ಏಕೆಂದರೆ ಎರಡು ವರ್ಷ ಅವಳು ನೋಡಿದ್ದು ಹೆಚ್ಚಾಗಿ ಅದನ್ನೇ. ಆ ಹುಡುಗನ ಬಾಯಿ ಮುಚ್ಚಿದ್ದೇ ಕಡಿಮೆ. ಅವಳು ಕೈ ತೆಗೆದಳು. ನೆರಳು ಮೊದಲ ಮೆಟ್ಟಿಲನ್ನು ಮುಟ್ಟಿತು.

ದೊರೆ ಬಗ್ಗಿ ಚಿತ್ರ ನೋಡಿದ. “ಕಿವಿ ಮೊದಲು ಇಷ್ಟು ಸೊಟ್ಟ ಇತ್ತಾ?”

“ಇತ್ತು,” ಎಂದಳು ರಾಣಿ. “ಇಷ್ಟೇ ಇತ್ತು. ಇರುಗಾ!”

ಹುಡುಗ ತಟ್ಟನೆ ತಿರುಗಿದ. ಮೊದಲು ಅಮ್ಮನನ್ನು ನೋಡಿದ. ಆಮೇಲೆ ದೀಪಕ್ಕೆ ಹಿಡಿದಿದ್ದ ಕೈಯ ಬೊಬ್ಬೆ ನೋಡಿಕೊಂಡು ಹೋ ಎಂದು ಅತ್ತ. ಅಳು ಮುಗಿದ ಮೇಲೆ, ಬಾಗಿಲಲ್ಲಿ ನಿಂತ ಆನೆಯನ್ನು ಕಂಡು ಒಂದು ಉದ್ದನೆಯ ಸಿಳ್ಳೆ ಹಾಕಿದ.

“ಜಕ್ಕಕ್ಕ, ಆಯಿತಾ? ಆನೆ ಹೊರಟುಹೋಗುತ್ತೆ!”

ಜಕ್ಕಲೆ ಚಿತ್ರವನ್ನು ನೋಡಿದಳು, ಹುಡುಗನನ್ನು ನೋಡಿದಳು. ಎರಡು ವರ್ಷಗಳಲ್ಲಿ ಮೊದಲ ಸಲ ‘ಇವತ್ತಿಗೆ’ ಎಂಬ ಮಾತು ಸೇರಿಸದೆ, “ಆಯಿತು,” ಎಂದಳು.

ಅಂಟುನೀರು ಬಿತ್ತು. ಇರುಗ ಓಡಿದ.

ಆಮೇಲೆ ಆನೆಗೆ ಅರಮನೆಯ ಕಬ್ಬಿನ ತೋಟದಲ್ಲಿ ಜಾಗ ಸಿಕ್ಕಿತು. ಹುಲಿ ಹುಲಿಯ ಹಾಗೆ ಬದುಕಿತು. ಮುದುಕ ನಯಕೇತು ಊರಿನಲ್ಲಿ ತರಿಕಾಗದ ಮಾಡಿಕೊಂಡಿದ್ದ. ಚಳಿಗಾಲದಲ್ಲಿ ಅವನಿಗೆ ಮೂಗು ಸೋರುತ್ತಿತ್ತು, ಅದಕ್ಕೂ ಅವನು ನಗುತ್ತಿದ್ದ. ಬೊಮ್ಮಣ್ಣ ಒಮ್ಮೆ ಇರುಗನನ್ನು ಹತ್ತಿರ ಕರೆದು, ಎಡಗಿವಿಯನ್ನು ಬೆರಳಿನಿಂದ ಮುಟ್ಟಿ ನೋಡಿ, ಮಗಳಿಗೆ, “ಚಿತ್ರ ಚೆನ್ನಾಗಿ ಬಂದಿದೆ,” ಎಂದ. ಇರುಗ ಸೊಟ್ಟ ಕಿವಿಯ ದೊರೆಯಾಗಿ ಬಹಳ ಕಾಲ ಆಳಿದ. ಹಿಂದಿನಿಂದ ಯಾರು ಕೂಗಿದರೂ ತಿರುಗಿ ನೋಡುತ್ತಿದ್ದ, ಹಾಗಾಗಿ ಬಳಪಗಿರಿಯ ಜನ ಸುಖವಾಗಿದ್ದರು.